ಲಕ್ಷದ್ವೀಪದ ಹವಳಕ್ಕೆ ಬಿಸಿ ತಾಳುವ ತಳಿ ಬೇಕೇ: ಮೈಸೂರಿನ ತರಗತಿಯೊಂದು ಪರಿಶೀಲಿಸಿದ ಪ್ರಕರಣ

ಮೈಸೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನಾನು ಪ್ರತಿ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳ ಮುಂದೆ ಒಂದೇ ಒಂದು ಪ್ರಕರಣವನ್ನಿಟ್ಟು, ಇಡೀ ಅವಧಿ ಅದರ ಬೆನ್ನು ಹತ್ತುವಂತೆ ಹೇಳುತ್ತೇನೆ. ಕೊನೆಯಲ್ಲಿ ಅವರು ಒಂದು ತೀರ್ಮಾನಕ್ಕೆ ಬರಲೇಬೇಕು. ‘ಇನ್ನೂ ಹೆಚ್ಚಿನ ಅಧ್ಯಯನ ಅಗತ್ಯ’ ಎಂಬ ವಾಕ್ಯವನ್ನು ಉತ್ತರವೆಂದು ಒಪ್ಪುವುದಿಲ್ಲ. ಈ ಸಲದ ಪ್ರಶ್ನೆ ಹೀಗಿತ್ತು: ಕಾಲು ಶತಮಾನದಿಂದ ಮತ್ತೆ ಮತ್ತೆ ಬಿಸಿನೀರಿಗೆ ಸಿಕ್ಕಿ ಬಿಳಿಚಿಕೊಂಡಿರುವ ಲಕ್ಷದ್ವೀಪದ ಹವಳದ ದಿಬ್ಬಗಳಿಗೆ, ಪ್ರಯೋಗಾಲಯದಲ್ಲಿ ಬಿಸಿ ತಾಳುವಂತೆ ಬೆಳೆಸಿದ ಹವಳವನ್ನೋ ಅದರೊಳಗಿನ ಪಾಚಿಯನ್ನೋ ತಂದು ಸೇರಿಸುವುದು ಸರಿಯಾದ ನೆರವಾದೀತೇ? ಅಲ್ಲಿನ ಆಡಳಿತವು ಒಂದೇ ಕೆಲಸಕ್ಕೆ ಆಗುವಷ್ಟು ಹಣ ಹಿಡಿದು ನಿಮ್ಮ ಸಲಹೆ ಕೇಳಿದರೆ ನೀವು ಏನು ಹೇಳುವಿರಿ?

ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ ಕುಳಿತು ಹವಳದ ಚರ್ಚೆ ಮಾಡುವುದು ವಿಚಿತ್ರವೆನಿಸಬಹುದು. ಆದರೆ ಈ ದಿಬ್ಬಗಳ ದೀರ್ಘ ದಾಖಲೆಯನ್ನು ಕಟ್ಟಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ 1996ರಲ್ಲಿ ಆರಂಭವಾದ, ಮೈಸೂರಿನಲ್ಲಿಯೇ ಕೇಂದ್ರ ಕಚೇರಿ ಇರುವ ಸಂಸ್ಥೆ. ಅದರ ವಿಜ್ಞಾನಿ ರೋಹನ್ ಆರ್ಥರ್ ಮತ್ತು ಸಂಗಡಿಗರು 1998ರಿಂದ ಅಗತ್ತಿ, ಕಡಮತ್, ಕವರತ್ತಿ ಹವಳದ್ವೀಪಗಳ ನೀರಿಗಿಳಿದು ಒಂದೇ ತಾಣಗಳನ್ನು ಅಳೆಯುತ್ತ ಬಂದಿದ್ದಾರೆ. ಇನ್ನೊಂದು ನಂಟನ್ನು ವಿದ್ಯಾರ್ಥಿಯೊಬ್ಬ ಹುಡುಕಿ ತಂದ. ಕಡಮತ್ ಸೇರಿದಂತೆ ಅಮೀನಿದೀವಿ ಗುಂಪಿನ ದ್ವೀಪಗಳು 18ನೇ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಳ್ವಿಕೆಗೆ ಒಳಪಟ್ಟಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಬ್ರಿಟಿಷರ ಕೈಗೆ ಹೋಗಿ, ಮಂಗಳೂರಿನಿಂದ ಆಡಳಿತ ನಡೆಯಿತು. ಪ್ರಕರಣಕ್ಕೆ ಇದರಿಂದ ಏನೂ ಸಿಗುವುದಿಲ್ಲ, ಆದರೂ ಕಡತದ ಮೊದಲ ಪುಟದಲ್ಲಿ ಉಳಿಸಿಕೊಂಡಿದ್ದೇವೆ.

ರೋಗಿ ಮತ್ತು ರೋಗ

ಹವಳವೆಂದರೆ ಕಲ್ಲಲ್ಲ, ಗಿಡವೂ ಅಲ್ಲ. ಸಾವಿರಾರು ಪುಟ್ಟ ಪಾಲಿಪ್‌ಗಳು ಒಂದಕ್ಕೊಂದು ಅಂಟಿಕೊಂಡು, ತಮ್ಮ ಅಡಿಯಲ್ಲಿ ಸುಣ್ಣದ ಅಸ್ಥಿಪಂಜರವನ್ನು ಸುರಿಯುತ್ತ ಬೆಳೆಯುವ ಪ್ರಾಣಿಸಮೂಹ ಅದು. ಪ್ರತಿ ಪಾಲಿಪ್‌ನ ಜೀವಕೋಶಗಳ ಒಳಗೆ ಸೂಕ್ಷ್ಮಪಾಚಿ ವಾಸಿಸುತ್ತದೆ. ಪಾಚಿ ಬಿಸಿಲಿನಲ್ಲಿ ಸಕ್ಕರೆ ತಯಾರಿಸಿ ಮನೆಯೊಡೆಯನಿಗೆ ಕೊಡುತ್ತದೆ. ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಶೇ. 90ರವರೆಗೂ ಈ ಬಾಡಿಗೆಯಿಂದಲೇ ಬರಬಹುದು. ಹವಳದ ಕಂದು, ಹಸಿರು ಬಣ್ಣಗಳ ಬಹುಪಾಲು ಈ ಬಾಡಿಗೆದಾರನದೇ.

ನೀರು ಆಯಾ ತಾಣದ ಮಾಮೂಲು ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿ ಕೆಲವು ವಾರ ಹಾಗೆಯೇ ನಿಂತರೆ ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರ ಕೆಡುತ್ತದೆ. ಆಗ ಸಕ್ಕರೆಯ ಬದಲು ಜೀವಕೋಶಕ್ಕೆ ಹಾನಿ ಮಾಡುವ ಆಮ್ಲಜನಕದ ಉಗ್ರ ಅಣುಗಳು ಹೊರಬರುತ್ತವೆ, ಹವಳವು ಪಾಚಿಯನ್ನು ಹೊರಹಾಕುತ್ತದೆ, ಪಾರದರ್ಶಕ ಮಾಂಸದ ಮೂಲಕ ಬಿಳಿಯ ಸುಣ್ಣ ಕಾಣಿಸುತ್ತದೆ. ಇದೇ ಬಿಳಿಚುವಿಕೆ. ಬಿಳಿಚಿದ ಹವಳ ಸತ್ತ ಹವಳವಲ್ಲ, ಉಪವಾಸ ಬಿದ್ದ ಹವಳ. ಬಿಸಿ ಬೇಗ ಇಳಿದರೆ ಪಾಚಿ ಮರಳುತ್ತದೆ. ಇಳಿಯದಿದ್ದರೆ ಹವಳ ಹಸಿವಿನಿಂದಲೋ ರೋಗದಿಂದಲೋ ಸಾಯುತ್ತದೆ, ಉಳಿದ ಸುಣ್ಣದ ಮೇಲೆ ಬೇರೆ ಪಾಚಿಗಳು ಹಬ್ಬುತ್ತವೆ.

ಎಷ್ಟು ಬಿಸಿ, ಎಷ್ಟು ದಿನ ಎಂಬುದನ್ನು ಒಂದೇ ಅಂಕಿಯಲ್ಲಿ ಹಿಡಿಯಲು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ‘ಡಿಗ್ರಿ-ವಾರ’ ಎಂಬ ಲೆಕ್ಕ ಬಳಸುತ್ತದೆ. ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಒಂದು ವಾರ ನಿಂತರೆ ಒಂದು ಡಿಗ್ರಿ-ವಾರ, ಎರಡು ಡಿಗ್ರಿ ಎರಡು ವಾರ ನಿಂತರೆ ನಾಲ್ಕು. ನಾಲ್ಕು ದಾಟಿದರೆ ಗಣನೀಯ ಬಿಳಿಚುವಿಕೆ, ಎಂಟು ದಾಟಿದರೆ ವ್ಯಾಪಕ ಸಾವು ಎಂಬುದು ಸ್ಥೂಲ ಅಂದಾಜು. ಈ ಅಳತೆಗೋಲನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಮುಂದೆ ಬರುವ ಸಂಶೋಧನೆಗಳ ಬೆಲೆಯನ್ನು ಇದರಲ್ಲಿಯೇ ಕಟ್ಟಬೇಕಾಗುತ್ತದೆ.

ಜಗತ್ತಿನ ಸಾಮೂಹಿಕ ಬಿಳಿಚುವಿಕೆಗಳನ್ನು 1998, 2010, 2014ರಿಂದ 2017, ಮತ್ತು 2023ರಲ್ಲಿ ಆರಂಭವಾದ ನಾಲ್ಕನೆಯದು ಎಂದು ಎಣಿಸುತ್ತಾರೆ. ಲಕ್ಷದ್ವೀಪಕ್ಕೆ ಇವುಗಳಲ್ಲಿ ಒಂದೂ ತಪ್ಪಿಲ್ಲ. 1998, 2010, 2016ರ ಪೆಟ್ಟುಗಳ ನಂತರ, 2023ರ ಅಕ್ಟೋಬರ್ ಕೊನೆಯಿಂದ ಕಡಲ ಶಾಖದ ಅಲೆ ಮತ್ತೆ ಕವಿದು, 2024ರ ಬೇಸಿಗೆಯಲ್ಲಿ ತೀವ್ರ ಬಿಳಿಚುವಿಕೆಯನ್ನು ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವರದಿ ಮಾಡಿದರು. ದ್ವೀಪವಾಸಿಗಳಿಗೆ ಇದು ದೂರದ ನಿಸರ್ಗದ ವಿಷಯವಲ್ಲ. 32 ಚದರ ಕಿಲೋಮೀಟರ್‌ನಷ್ಟು ಮಾತ್ರ ನೆಲವಿರುವ ಆ ದ್ವೀಪಗಳು ಹವಳದ ಮರಳಿನಿಂದಲೇ ಆದವು. ಮುಂಗಾರಿನ ಅಲೆಯನ್ನು ಮುರಿಯುವುದು ಹೊರಗಿನ ದಿಬ್ಬ. ಬಾವಿಗಳ ಸಿಹಿನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೇಲಿಕೊಂಡಿರುವ ತೆಳುವಾದ ಪದರ. ದಿಬ್ಬ ಸವೆದರೆ ಇವೆಲ್ಲವೂ ಸವೆಯುತ್ತವೆ.

ದಾಖಲೆ ಏನು ಹೇಳುತ್ತದೆ

ಮೂರು ದ್ವೀಪಗಳ ಅಳತೆಯ ಪ್ರಕಾರ ಜೀವಂತ ಹವಳದ ಹೊದಿಕೆ 1998ರಲ್ಲಿ ಸುಮಾರು ಶೇ. 37 ಇದ್ದದ್ದು 2022ರ ವೇಳೆಗೆ ಶೇ. 20ರ ಒಳಗೆ ಇಳಿದಿದೆ. ಹೆಚ್ಚುಕಡಿಮೆ ಅರ್ಧ ಹೋಯಿತು ಎಂದಾಗ ತರಗತಿಯಲ್ಲಿ ಯಾರಿಗೂ ಅಚ್ಚರಿಯಾಗಲಿಲ್ಲ. ಅಚ್ಚರಿ ತಂದದ್ದು ಆ ಇಳಿಕೆಯ ಒಳರಚನೆ.

ಪ್ರತಿ ಹೊಸ ಬಿಸಿಯಲೆಯಲ್ಲಿ ಸಾಯುವ ಹವಳದ ಪ್ರಮಾಣ ಹಿಂದಿನದಕ್ಕಿಂತ ಕಡಿಮೆಯಾಗಿತ್ತು. ಅಂದರೆ ದಿಬ್ಬವು ಬಿಸಿಯನ್ನು ಮೊದಲಿಗಿಂತ ಚೆನ್ನಾಗಿ ತಾಳುತ್ತಿದೆ. ಆದರೆ ಪೆಟ್ಟು ಬಿದ್ದ ನಂತರ ಮತ್ತೆ ಬೆಳೆದು ತುಂಬಿಕೊಳ್ಳುವ ವೇಗ ಎಲ್ಲೆಡೆ ಮಂದವಾಗಿಯೇ ಉಳಿದಿದೆ. ಬಿಸಿಯಿಲ್ಲದ ಸುಮಾರು ಆರು ವರ್ಷಗಳು ಒಟ್ಟಿಗೆ ಸಿಕ್ಕ ಮೇಲಷ್ಟೇ ಚೇತರಿಕೆ ಚುರುಕಾಗುವುದು ಕಂಡುಬಂದಿದೆ. 1998ಕ್ಕೂ 2010ಕ್ಕೂ ನಡುವೆ ಹನ್ನೆರಡು ವರ್ಷಗಳಿದ್ದವು. 2010ಕ್ಕೂ 2016ಕ್ಕೂ ನಡುವೆ ಆರು. 2016ರಿಂದ 2024ಕ್ಕೆ ಎಂಟು. ದಿಬ್ಬ ಚುರುಕಾಗುವ ಹೊತ್ತಿಗೆ ಮುಂದಿನ ಪೆಟ್ಟು ಬಾಗಿಲಲ್ಲಿ ನಿಂತಿರುತ್ತದೆ.

ಸಾವು ಕಡಿಮೆಯಾಗಿದೆ ಎಂಬುದನ್ನು ಕೇಳಿ ಕೆಲವು ವಿದ್ಯಾರ್ಥಿಗಳು ಹಿಗ್ಗಿದರು. ಇಲ್ಲಿ ನಾನು ತಡೆಯಬೇಕಾಯಿತು. ಕವಲು ಕವಲಾಗಿ, ಮೇಜಿನಂತೆ ಹರಡಿ ಬೇಗ ಬೆಳೆಯುವ ಆಕ್ರೊಪೊರಾ ಹವಳಗಳು ಬಿಸಿಗೆ ಮೊದಲು ಬಲಿಯಾಗುತ್ತವೆ; ಬಂಡೆಯಂತೆ ಉಂಡೆಗಟ್ಟಿ ನಿಧಾನವಾಗಿ ಬೆಳೆಯುವ ಪೊರೈಟಿಸ್‌ನಂತಹವು ಉಳಿಯುತ್ತವೆ. ಸುಕುಮಾರರು ಸತ್ತುಹೋದ ಊರಿನಲ್ಲಿ ಮುಂದಿನ ಸಲ ಸಾವಿನ ಸಂಖ್ಯೆ ಇಳಿಯುವುದು ಸಹಜ, ಅದನ್ನು ಊರು ಆರೋಗ್ಯವಾಗಿದೆ ಎಂಬುದಕ್ಕೆ ಸಾಕ್ಷಿಯೆಂದು ಓದಬಾರದು. ಉಳಿದವರಲ್ಲಿ ಕೆಲವರು ನಿಜವಾಗಿಯೂ ಗಟ್ಟಿಯಾಗಿರಬಹುದು, ಕೆಲವರು ಒಳಗಿನ ಪಾಚಿಯನ್ನು ಬದಲಿಸಿಕೊಂಡಿರಬಹುದು. ಜೊತೆಗೆ ಜಾತಿಗಳ ಪಟ್ಟಿಯೇ ಬದಲಾಗಿರುವುದೂ ಇದರಲ್ಲಿ ಸೇರಿರುತ್ತದೆ. ಬೇಗ ಬೆಳೆಯುವವರು ಕಡಿಮೆಯಾದ ಮೇಲೆ ಚೇತರಿಕೆ ನಿಧಾನವಾಗದೆ ಮತ್ತೇನಾಗುತ್ತದೆ? ತಾಳಿಕೆ ಹೆಚ್ಚಿದ್ದೂ ಚೇತರಿಕೆ ಕುಂದಿದ್ದೂ ಬಹುಮಟ್ಟಿಗೆ ಒಂದೇ ಘಟನೆಯ ಎರಡು ಮುಖಗಳು ಎಂಬುದು ನನ್ನ ಓದು.

ಸಂಶೋಧನೆಯ ಕೈಯಲ್ಲಿರುವುದು

ಹವಳದ ವಿಕಾಸಕ್ಕೆ ಮನುಷ್ಯ ಕೈ ಜೋಡಿಸಬಹುದು ಎಂಬ ಮಾತನ್ನು ಗಂಭೀರವಾಗಿ ಮಂಡಿಸಿದವರಲ್ಲಿ ಹವಾಯಿಯ ರೂತ್ ಗೇಟ್ಸ್ ಮತ್ತು ಆಸ್ಟ್ರೇಲಿಯದ ಮ್ಯಾಡೆಲಿನ್ ವಾನ್ ಓಪ್ಪೆನ್ ಪ್ರಮುಖರು. 2015ರಲ್ಲಿ ಅವರು ಸಂಗಡಿಗರೊಂದಿಗೆ ಈ ‘ನೆರವಿನ ವಿಕಾಸ’ದ ದಾರಿಗಳನ್ನು ವಿವರಿಸಿದರು. ಗೇಟ್ಸ್ 2018ರಲ್ಲಿ ತೀರಿಕೊಂಡರು, ಕೆಲಸ ಮುಂದುವರಿದಿದೆ.

ಮೊದಲ ದಾರಿ ಬಾಡಿಗೆದಾರನನ್ನು ಬದಲಿಸುವುದು. ಹವಳದೊಳಗಿನ ಪಾಚಿಗಳಲ್ಲಿ ಹಲವು ಕುಲಗಳಿವೆ. ಆಸ್ಟ್ರೇಲಿಯದ ಗ್ರೇಟ್ ಬ್ಯಾರಿಯರ್ ರೀಫ್‌ ಎಂಬ ಹವಳದ ದಿಬ್ಬಗಳ ಸಾಲಿನಲ್ಲಿ ತಂಪಾದ ತಾಣದ ಆಕ್ರೊಪೊರಾ ಮಿಲ್ಲೆಪೊರಾ ಹವಳಗಳನ್ನು ಬಿಸಿಯಾದ ತಾಣಕ್ಕೆ ಸ್ಥಳಾಂತರಿಸಿದಾಗ ಬದುಕುಳಿದವು ತಮ್ಮ ಪ್ರಧಾನ ಪಾಚಿಯನ್ನು ಡುರುಸ್ಡಿನಿಯಂ ಎಂದು ಈಗ ಕರೆಯುವ ಬಿಸಿಸಹಿಷ್ಣು ಕುಲಕ್ಕೆ ಬದಲಿಸಿಕೊಂಡು, 1ರಿಂದ 1.5 ಡಿಗ್ರಿಯಷ್ಟು ಹೆಚ್ಚು ತಾಳಿಕೆ ಪಡೆದವೆಂದು 2006ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಈ ಬಾಡಿಗೆದಾರ ಬಾಡಿಗೆ ಕಡಿಮೆ ಕೊಡುತ್ತಾನೆ. ಅದಕ್ಕೂ ಎರಡು ವರ್ಷ ಮೊದಲಿನ ಅಧ್ಯಯನವೊಂದರಲ್ಲಿ, ಮಾಮೂಲು ಪಾಚಿಯಿದ್ದ ಎಳೆಯ ಹವಳಗಳು ಬಿಸಿಸಹಿಷ್ಣು ಪಾಚಿಯಿದ್ದವುಗಳಿಗಿಂತ ಎರಡು ಮೂರು ಪಟ್ಟು ವೇಗವಾಗಿ ಬೆಳೆದಿದ್ದವು. ಬಿಸಿ ಇಳಿದ ಕೆಲವು ವರ್ಷಗಳಲ್ಲಿ ಹಳೆಯ ಪಾಚಿಯೇ ಮರಳಿ ಮೇಲುಗೈ ಪಡೆದ ನಿದರ್ಶನಗಳೂ ಇವೆ.

ಈ ಕೊರತೆ ತುಂಬಲು ವಾನ್ ಓಪ್ಪೆನ್ ಅವರ ತಂಡ ಮಾಮೂಲು ಪಾಚಿಯನ್ನೇ ಹವಳದಿಂದ ಹೊರತೆಗೆದು, ನಾಲ್ಕು ವರ್ಷ 31 ಡಿಗ್ರಿಯ ಬಿಸಿಯಲ್ಲಿ, ನೂರಕ್ಕೂ ಹೆಚ್ಚು ತಲೆಮಾರುಗಳ ಕಾಲ ಬೆಳೆಸಿತು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹತ್ತು ತಳಿಗಳೂ ಬಾಟಲಿಯಲ್ಲಿ ಬಿಸಿ ತಾಳಿದವು. ಹವಳದ ಡಿಂಭಗಳ, ಅಂದರೆ ಮೊಟ್ಟೆಯಿಂದ ಹೊರಟು ಇನ್ನೂ ನೆಲಕ್ಕೆ ಅಂಟಿಕೊಳ್ಳದ ಮರಿಗಳ, ಒಳಗೆ ಸೇರಿಸಿದಾಗ ಮೂರು ತಳಿಗಳು ಮಾತ್ರ ಮನೆಯೊಡೆಯನಿಗೂ ತಾಳಿಕೆ ತಂದುಕೊಟ್ಟವು. ಬಾಟಲಿಯಲ್ಲಿ ಗೆದ್ದವರಲ್ಲಿ ಏಳು ಮಂದಿ ಮನೆಯೊಳಗೆ ಹೋಗಿ ಸೋತರು ಎಂಬುದನ್ನು ವಿದ್ಯಾರ್ಥಿಗಳು ಕೆಂಪು ಶಾಯಿಯಲ್ಲಿ ಗುರುತು ಮಾಡಿಕೊಂಡರು.

ಎರಡನೆಯ ದಾರಿ ಹವಳವನ್ನೇ ಆರಿಸಿ ಕೂಡಿಸುವುದು. ಗ್ರೇಟ್ ಬ್ಯಾರಿಯರ್ ರೀಫ್‌ನ ಉತ್ತರದ ಬಿಸಿನೀರಿನ ಹವಳವನ್ನು ದಕ್ಷಿಣದ ತಂಪು ತಾಣದ ಹವಳದೊಂದಿಗೆ ಸಂಕರಿಸಿದಾಗ ಡಿಂಭಗಳು ಬಿಸಿಯಲ್ಲಿ ಬದುಕುಳಿಯುವ ಸಾಧ್ಯತೆ ಹತ್ತು ಪಟ್ಟಿನವರೆಗೂ ಏರಿತೆಂದು 2015ರಲ್ಲಿ ತಿಳಿದುಬಂತು. ನಮ್ಮ ಅರಬ್ಬೀ ಸಮುದ್ರಕ್ಕೆ ಹತ್ತಿರದ ಇಂತಹ ಬಿಸಿಯ ತವರು ಪರ್ಷಿಯನ್ ಕೊಲ್ಲಿ. ಬೇಸಿಗೆಯಲ್ಲಿ 35 ಡಿಗ್ರಿ ಮುಟ್ಟುವ ಆ ನೀರಿನಲ್ಲಿಯೂ ಹವಳ ಬದುಕಿದೆ, ಮತ್ತು ಅಲ್ಲಿನ ಹವಳದೊಂದಿಗೆ ಹಿಂದೂ ಮಹಾಸಾಗರದ ಹವಳವನ್ನು ಕೂಡಿಸಿದ ಪ್ರಯೋಗವೂ ಡಿಂಭಗಳ ತಾಳಿಕೆಯನ್ನು ಹೆಚ್ಚಿಸಿದೆ. ನಕ್ಷೆ ನೋಡಿದ ಯಾರಿಗಾದರೂ ಲಕ್ಷದ್ವೀಪದ ಉತ್ತರ ಅಲ್ಲಿದೆ ಎನಿಸುವುದು ಸಹಜ. ನಮ್ಮ ತರಗತಿಯಲ್ಲಿಯೂ ಮೊದಲ ಮೂರು ವಾರ ಎಲ್ಲರ ಒಲವು ಇದರ ಕಡೆಗೇ ಇತ್ತು.

ನನ್ನ ಮಟ್ಟಿಗೆ ಈ ಪ್ರಕರಣದ ಅತ್ಯಂತ ಬೆಲೆಬಾಳುವ ಸಾಕ್ಷ್ಯ ಬಂದದ್ದು ಪಲಾವು ದೇಶದಿಂದ. ಅಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ತಂಡ ಒಂದೇ ಪ್ರದೇಶದ ಆಕ್ರೊಪೊರಾ ಡಿಜಿಟಿಫೆರಾ ಹವಳಗಳಲ್ಲಿ ಬಿಸಿ ತಾಳುವ ತಂದೆತಾಯಿಗಳನ್ನು ಆರಿಸಿ, ಸಂತತಿಯನ್ನು ವಯಸ್ಕ ಹಂತದವರೆಗೆ ಬೆಳೆಸಿ ಪರೀಕ್ಷಿಸಿತು. 2024ರಲ್ಲಿ ಪ್ರಕಟವಾದ ಫಲಿತಾಂಶ ಒಂದು ಒಳ್ಳೆಯ ಸುದ್ದಿಯನ್ನೂ ಎರಡು ಕಹಿ ಸುದ್ದಿಗಳನ್ನೂ ಹೊತ್ತಿತ್ತು. ತಾಳಿಕೆ ಆನುವಂಶೀಯವಾಗಿದೆ, ಆಯ್ಕೆ ಕೆಲಸ ಮಾಡುತ್ತದೆ ಎಂಬುದು ಒಳ್ಳೆಯದು. ಒಂದು ತಲೆಮಾರಿನಲ್ಲಿ ಗಳಿಸಬಹುದಾದದ್ದು ಸುಮಾರು ಒಂದು ಡಿಗ್ರಿ-ವಾರ ಎಂಬುದು ಮೊದಲ ಕಹಿ. ನಾಲ್ಕರಲ್ಲಿ ಬಿಳಿಚಿ ಎಂಟರಲ್ಲಿ ಸಾಯುವ ಅಳತೆಗೋಲಿನ ಮೇಲೆ ಒಂದು ಗೆರೆಯಷ್ಟು. ಕೆಲವೇ ದಿನಗಳ ತೀವ್ರ ಬಿಸಿಯನ್ನು ತಾಳುವ ತಂದೆತಾಯಿಗಳನ್ನು ಆರಿಸಿದರೆ, ನಿಜವಾದ ಕಡಲಲ್ಲಿ ವಾರಗಟ್ಟಲೆ ನಿಲ್ಲುವ ಹದವಾದ ಬಿಸಿಯನ್ನು ಮಕ್ಕಳು ತಾಳುತ್ತಾರೆಂಬ ಭರವಸೆಯಿಲ್ಲ ಎಂಬುದು ಎರಡನೆಯದು.

ಹವಳಕ್ಕೆ ಉಪಕಾರಿ ಬ್ಯಾಕ್ಟೀರಿಯಾಗಳನ್ನು ಉಣಿಸುವ ಮೂರನೆಯ ದಾರಿಯೂ ಇದೆ. ತೊಟ್ಟಿಗಳಲ್ಲಿ ಬದುಕುಳಿಯುವಿಕೆಯನ್ನು ಅದು ಹೆಚ್ಚಿಸಿದೆ. ಆದರೆ ತೆರೆದ ಕಡಲಿನ ದ್ವೀಪಸಮೂಹದಲ್ಲಿ ಮತ್ತೆ ಮತ್ತೆ ಉಣಿಸುವುದು ಯಾರಿಂದ ಸಾಧ್ಯ ಎಂಬ ಪ್ರಶ್ನೆಗೆ ನಮ್ಮಲ್ಲಿ ಯಾರಿಂದಲೂ ಉತ್ತರ ಬರದೆ ಅದನ್ನು ಅಲ್ಲಿಗೇ ಬಿಟ್ಟೆವು.

ಮಳವಳ್ಳಿಯ ಮಾತು

ನಾಲ್ಕನೆಯ ವಾರದಲ್ಲಿ ಚರ್ಚೆಯ ದಿಕ್ಕು ತಿರುಗಿದ್ದು ಮಳವಳ್ಳಿ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳಿಂದ. ಅದುವರೆಗೆ ಹೆಚ್ಚು ಮಾತನಾಡದಿದ್ದ ಆಕೆ ಕೇಳಿದ್ದು ಇಷ್ಟೇ: ‘ಸರ್, ಕಡಲಲ್ಲಿ ಬಿತ್ತನೆ ಕೋಠಿ ಯಾರು ಇಡುತ್ತಾರೆ?’

ಮೈಸೂರು, ಮಂಡ್ಯದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ದಾಖಲೆಗಾಗಿ ಬರೆಯುತ್ತೇನೆ. ಬಿತ್ತನೆ ಕೋಠಿಯೆಂದರೆ ರೇಷ್ಮೆಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಕೊಡುವ ಕೇಂದ್ರ. ನಮ್ಮ ಹಳೆಯ ಮೈಸೂರು ತಳಿಯ ರೇಷ್ಮೆಹುಳು ಬಿಸಿಗೂ ರೋಗಕ್ಕೂ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಅದರ ಗೂಡು ಸಣ್ಣದು, ಬಿಚ್ಚಿದರೆ ನೂಲು ನಾಲ್ಕುನೂರು ಮೀಟರಿನ ಆಸುಪಾಸು. ಹೊರನಾಡಿನ ಮೂಲದ ದ್ವಿತಳಿ (ಸಹಜವಾಗಿ ವರ್ಷಕ್ಕೆ ಎರಡು ತಲೆಮಾರು ಕಾಣುವ) ಹುಳು ಸಾವಿರ ಮೀಟರ್ ನೂಲು ಕೊಡುತ್ತದೆ, ಆದರೆ ಬೆಳೆದ ಹುಳುವಿಗೆ 25 ಡಿಗ್ರಿಯ ಹದ ಬೇಕು. ಏಪ್ರಿಲ್‌ನಲ್ಲಿ ಮನೆ ಕಾದರೆ ಸಪ್ಪೆರೋಗವೋ ಹಾಲುರೋಗವೋ ಹೊಕ್ಕು ತಟ್ಟೆ ತಟ್ಟೆಯೇ ಮಲಗುತ್ತದೆ. ಆಕೆಯ ಮನೆಯಲ್ಲಿ ಒಂದು ಬೇಸಿಗೆ ನಾಲ್ಕನೆಯ ಜ್ವರ (ಪೊರೆ ಕಳಚುವ ಹಂತ) ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುವ ಮೊದಲೇ ಹೀಗೆ ಹೋಗಿತ್ತಂತೆ. ತಾಳಿಕೆಗೂ ಇಳುವರಿಗೂ ನಡುವಿನ ಈ ಜಗ್ಗಾಟವೇ ಬಿಸಿ ತಾಳುವ, ಆದರೆ ಕಡಿಮೆ ಸಕ್ಕರೆ ಕೊಡುವ ಪಾಚಿಯಲ್ಲಿಯೂ ಇರುವುದು ಎಂಬುದನ್ನು ಆಕೆ ಎಲ್ಲರಿಗಿಂತ ಮೊದಲು ಗುರುತಿಸಿದ್ದಳು. ರೇಷ್ಮೆಯಲ್ಲಿ ಅದಕ್ಕೆ ಸಿಕ್ಕ ಪರಿಹಾರ ಮಿಶ್ರತಳಿ: ಮೈಸೂರು ತಳಿಯ ತಾಯಿ, ದ್ವಿತಳಿಯ ತಂದೆ.

ಆದರೆ ಆಕೆಯ ವಾದ ಹೋಲಿಕೆಯಲ್ಲಿ ನಿಲ್ಲಲಿಲ್ಲ, ಹೋಲಿಕೆ ಎಲ್ಲಿ ಮುರಿಯುತ್ತದೆ ಎಂಬಲ್ಲಿಗೆ ಹೋಯಿತು. ಮಿಶ್ರತಳಿಯ ಗೂಡಿನಿಂದ ರೈತ ಮುಂದಿನ ಬೆಳೆಗೆ ಮೊಟ್ಟೆ ಇಟ್ಟುಕೊಳ್ಳುವುದಿಲ್ಲ. ಎರಡೂ ಶುದ್ಧ ತಳಿಗಳನ್ನು ಬೇರೆ ಬೇರೆ ಕಾಪಾಡಿ, ಪ್ರತಿ ಬೆಳೆಗೂ ಹೊಸದಾಗಿ ಕೂಡಿಸಿ, ಗಂಟುರೋಗವಿಲ್ಲವೆಂದು ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಮೊಟ್ಟೆ ಕೊಡುವ ವ್ಯವಸ್ಥೆಯೊಂದು ರೈತನ ಹಿಂದೆ ನಿಂತಿದೆ. ಕಡಲಿಗೆ ಬಿಟ್ಟ ಸಂಕರ ಹವಳ ಒಮ್ಮೆ ಮಾತ್ರ ನಮ್ಮ ಕೈಯಲ್ಲಿರುತ್ತದೆ. ನಂತರ ಅದು ತನ್ನಂತಹವುಗಳೊಂದಿಗೂ ಸ್ಥಳೀಯ ಹವಳದೊಂದಿಗೂ ತನ್ನಿಷ್ಟದಂತೆ ಕೂಡುತ್ತದೆ. ಮೊದಲ ತಲೆಮಾರಿನ ಹುರುಪು ಮೂರನೆಯದರಲ್ಲಿ ಎಷ್ಟು ಉಳಿದೀತೆಂಬುದನ್ನು ಯಾವ ಕೋಠಿಯೂ ನಿಯಂತ್ರಿಸುವುದಿಲ್ಲ. ಪರ್ಷಿಯನ್ ಕೊಲ್ಲಿಯ ಹವಳ ವಿಪರೀತ ಉಪ್ಪಿಗೂ ಹೊಂದಿಕೊಂಡದ್ದು. ಲಕ್ಷದ್ವೀಪದ ಮುಂಗಾರಿನ ಅಲೆಗೆ ಅದರ ಮೊಮ್ಮಕ್ಕಳು ಹೇಗೆ ನಿಲ್ಲುತ್ತಾರೆ?

ಕಾಲದ ಲೆಕ್ಕವನ್ನೂ ಆಕೆಯೇ ಎತ್ತಿದಳು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ತಳಿ ಕಟ್ಟುವವರಿಗೆ ಒಂದೇ ವರ್ಷದಲ್ಲಿ ಹಲವು ತಲೆಮಾರುಗಳು ಸಿಗುತ್ತವೆ. ಆಕ್ರೊಪೊರಾ ಸಂತಾನಕ್ಕೆ ಬರಲು ಮೂರರಿಂದ ಐದು ವರ್ಷ ಬೇಕು. ಎರಡು ಬಿಸಿಯಲೆಗಳ ನಡುವಿನ ಆರೆಂಟು ವರ್ಷಗಳಲ್ಲಿ ದೊರೆಯುವುದು ಒಂದು, ಹೆಚ್ಚೆಂದರೆ ಎರಡು ತಲೆಮಾರು. ತಲೆಮಾರಿಗೆ ಒಂದು ಡಿಗ್ರಿ-ವಾರದಂತೆ ಎಣಿಸಿದರೆ ಗಳಿಕೆ ಎರಡು ಗೆರೆ. ನೂರು ತಲೆಮಾರು ದಾಟಿದ್ದು ಪಾಚಿಯೇ ಹೊರತು ಹವಳವಲ್ಲ.

ಇದನ್ನು ಕೇಳಿದ ಮೇಲೆ ನಾವು ದಾಖಲೆಗೆ ಮರಳಿ ಹೋಗಬೇಕಾಯಿತು. ಲಕ್ಷದ್ವೀಪದಲ್ಲಿ ತಾಳಿಕೆ ತಾನಾಗಿಯೇ ಏರುತ್ತಿದೆ. ಬಿಸಿಯೇ ಅಲ್ಲಿ ಕ್ರೂರವಾಗಿ ಆಯ್ಕೆ ನಡೆಸುತ್ತಿದೆ. ಕುಸಿದಿರುವುದು ಚೇತರಿಕೆ. ಚೇತರಿಕೆಗೆ ಬೇಕಾದದ್ದು ಮೊಟ್ಟೆವೀರ್ಯ ಬಿಡುವಷ್ಟು ತಾಯಿಹವಳ, ಬಂದ ಡಿಂಭ ಅಂಟಿಕೊಳ್ಳಲು ಪಾಚಿ ಹಬ್ಬದ ಗಟ್ಟಿ ನೆಲ, ಮತ್ತು ಅಂಟಿದ್ದು ಬೆಳೆಯಲು ಬಿಡುವು. ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ 2016 ಮತ್ತು 2017ರ ಬೆನ್ನುಬೆನ್ನಿನ ಪೆಟ್ಟಿನ ನಂತರ, 2018ರಲ್ಲಿ ಹೊಸದಾಗಿ ಅಂಟಿಕೊಂಡ ಎಳೆಹವಳದ ಸಂಖ್ಯೆ ಹಿಂದಿನ ವರ್ಷಗಳಿಗೆ ಹೋಲಿಸಿದರೆ ಶೇ. 89ರಷ್ಟು ಕುಸಿದಿತ್ತು. ಅಲ್ಲಿಯೂ ಮುರಿದದ್ದು ಈ ಕೊಂಡಿಯೇ. ಬಿಸಿಸಹಿಷ್ಣು ಆದರೆ ನಿಧಾನ ಬೆಳೆಯುವ ಪಾಚಿಯನ್ನು ಇಂತಹ ದಿಬ್ಬಕ್ಕೆ ಸೇರಿಸುವುದೆಂದರೆ, ಈಗಾಗಲೇ ಏರುತ್ತಿರುವುದನ್ನು ಇನ್ನಷ್ಟು ಏರಿಸಲು ಈಗಾಗಲೇ ಇಳಿದಿರುವುದನ್ನು ಇನ್ನಷ್ಟು ಇಳಿಸುವುದು.

ತೀರ್ಮಾನ

ತರಗತಿಯ ಶಿಫಾರಸು ಹೀಗಿದೆ. ಹಣದ ದೊಡ್ಡ ಪಾಲು ತಳಿಗೆ ಹೋಗಬಾರದು, ಚೇತರಿಕೆಗೆ ಹೋಗಬೇಕು. ಲಕ್ಷದ್ವೀಪಕ್ಕೆ ಇಲ್ಲೊಂದು ಅನುಕೂಲವಿದೆ. ಅಲ್ಲಿನ ಮೀನುಗಾರಿಕೆಯ ಬೆನ್ನೆಲುಬು ಹೊರಗಡಲಿನ ಟ್ಯೂನಾ, ಅದನ್ನು ಗಳುವಿನಿಂದ ಒಂದೊಂದಾಗಿ ಹಿಡಿಯುತ್ತಾರೆ. ಆದ್ದರಿಂದ ದಿಬ್ಬದ ಮೀನುಗಳ ಮೇಲಿನ ಒತ್ತಡ ಬಹುಕಾಲ ಹಗುರವಾಗಿತ್ತು. ಸತ್ತ ಹವಳದ ಮೇಲಿನ ಪಾಚಿಯನ್ನು ಮೇಯ್ದು ಡಿಂಭಗಳಿಗೆ ಜಾಗ ಬಿಡಿಸಿಕೊಡುವ ಗಿಳಿಮೀನು, ಸರ್ಜನ್ ಮೀನುಗಳು ಉಳಿದಿರುವುದು ಇದರಿಂದ. ದಿಬ್ಬದ ಮೀನಿಗೆ ವಾಣಿಜ್ಯ ಬೇಡಿಕೆ ಹೆಚ್ಚದಂತೆ ದ್ವೀಪವಾಸಿಗಳೊಂದಿಗೆ ಸೇರಿ ನೋಡಿಕೊಳ್ಳುವುದು, ದಿಬ್ಬದ ಒಳಗಿನ ಆವೃತ ನೀರಿಗೆ (ಲಗೂನ್) ಕೊಳಚೆಯೂ ಹೂಳೂ ಇಳಿಯದಂತೆ ತಡೆಯುವುದು ಯಾವ ಪ್ರಯೋಗಾಲಯಕ್ಕಿಂತಲೂ ಮೊದಲು ಆಗಬೇಕಾದ ಜೀವವೈಜ್ಞಾನಿಕ ಕೆಲಸ. ಕಳೆಗೆ ಬಿಟ್ಟ ಗದ್ದೆಗೆ ಒಳ್ಳೆಯ ಭತ್ತದ ತಳಿ ತಂದು ಫಲವೇನು ಎಂದು ಮದ್ದೂರಿನ ಹುಡುಗನೊಬ್ಬ ಟಿಪ್ಪಣಿ ಬರೆದಿದ್ದ.

ಎರಡನೆಯದಾಗಿ, 2024ರ ಬಿಸಿಯನ್ನು ತಾಳಿ ನಿಂತ ಆಕ್ರೊಪೊರಾ ಹವಳಗಳಿಗೆ ಒಂದೊಂದಾಗಿ ಗುರುತು ಹಾಕಿ ಮುಂದಿನ ಬಿಸಿಯವರೆಗೂ ಹಿಂಬಾಲಿಸಬೇಕು. ಅಲ್ಪಾವಧಿಯ ತೊಟ್ಟಿ ಪರೀಕ್ಷೆ ನಂಬಿಕೆಗೆ ಅರ್ಹವಲ್ಲವೆಂದು ಪಲಾವು ಕಲಿಸಿದ ಮೇಲೆ, ನಿಜವಾದ ಕಡಲಿನ ನಿಜವಾದ ಬಿಸಿಯೇ ಪರೀಕ್ಷಕ. ಇಲ್ಲಿ ಕಾಲು ಶತಮಾನದ ಅಳತೆಗಳಿಗೆ ಹೊಸ ಉಪಯೋಗ ಬರುತ್ತದೆ: ಯಾವ ದ್ವೀಪದ ಯಾವ ಮಗ್ಗುಲಲ್ಲಿ, ಎಷ್ಟು ಆಳದಲ್ಲಿ ಹುಡುಕಬೇಕೆಂಬುದನ್ನು ಆ ದಾಖಲೆ ಹೇಳಬಲ್ಲದು. ಹವಳ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವುದರಿಂದ ಒಂದು ತುಂಡು ಮುರಿಯಲೂ ಅನುಮತಿ ಬೇಕು. ಗುರುತು ಹಾಕಿ ನೋಡುವ ಕೆಲಸ ಆ ದೃಷ್ಟಿಯಿಂದಲೂ ಹಗುರ.

ಮೂರನೆಯದಾಗಿ, ಹೀಗೆ ಗುರುತಿಸಿದ ತಂದೆತಾಯಿಗಳನ್ನು ಒಂದೇ ದ್ವೀಪದೊಳಗೆ ಕೂಡಿಸುವ ಸಣ್ಣ ಪ್ರಯೋಗಕ್ಕೆ ನಾವು ಒಪ್ಪಿದ್ದೇವೆ. ಪರ್ಷಿಯನ್ ಕೊಲ್ಲಿಯ ಹವಳವನ್ನಾಗಲಿ, ಬೇರೆಡೆ ಬೆಳೆಸಿದ ಪಾಚಿಯನ್ನಾಗಲಿ ತರುವುದನ್ನು ಹದಿನಾಲ್ಕು ಮಂದಿಯಲ್ಲಿ ಹನ್ನೊಂದು ಮಂದಿ ವಿರೋಧಿಸಿದರು. ಉಳಿದ ಮೂವರ ಆಕ್ಷೇಪವನ್ನು ಕಡತದಲ್ಲಿ ಪೂರ್ಣವಾಗಿ ದಾಖಲಿಸಿದ್ದೇನೆ, ಏಕೆಂದರೆ ಅದು ಹಗುರವಾದದ್ದಲ್ಲ. ಭೂಮಿಯ ಸರಾಸರಿ ತಾಪ 1.5 ಡಿಗ್ರಿ ಏರಿದರೆ ಜಗತ್ತಿನ ಹವಳದ ದಿಬ್ಬಗಳಲ್ಲಿ ಶೇ. 70ರಿಂದ 90ರಷ್ಟು, 2 ಡಿಗ್ರಿ ಏರಿದರೆ ಶೇ. 99ಕ್ಕೂ ಹೆಚ್ಚು ನಾಶವಾಗುವುದೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿ 2018ರಲ್ಲಿ ಹೇಳಿದೆ. ಅಂತಹ ಕಾಲದಲ್ಲಿ ಆರು ವರ್ಷದ ಬಿಡುವನ್ನೇ ನೆಚ್ಚಿಕೊಂಡ ಶಿಫಾರಸು, ಸಿಗಲಾರದ ಬಿಡುವನ್ನು ನೆಚ್ಚಿದಂತೆ ಎಂಬುದು ಅವರ ವಾದ. ಬಿಡುವು ಸಿಗದಿದ್ದರೆ ತಲೆಮಾರಿಗೊಂದು ಗೆರೆ ಗಳಿಸುವ ತಳಿಗೂ ಸಮಯ ಸಿಗುವುದಿಲ್ಲ ಎಂದು ನಾನು ಉತ್ತರಿಸಿದೆ. ಅವರು ಒಪ್ಪಲಿಲ್ಲ. ಇಂಗಾಲದ ಹೊಗೆ ಇಳಿಯದೆ ಎರಡೂ ಶಿಫಾರಸುಗಳು ಸೋಲುತ್ತವೆ ಎಂಬುದರಲ್ಲಿ ಮಾತ್ರ ನಮ್ಮ ನಡುವೆ ಭಿನ್ನಾಭಿಪ್ರಾಯವಿರಲಿಲ್ಲ.

ಆ ಮೂವರ ಒತ್ತಾಯದಿಂದಲೇ ನಾಲ್ಕನೆಯ ಅಂಶ ಸೇರಿತು: ಇಂದು ಬದುಕಿರುವ ಹವಳಗಳ ವೀರ್ಯವನ್ನು ಹೆಪ್ಪುಗಟ್ಟಿಸಿ ಇಡುವುದು. ಅಮೆರಿಕದ ಮೇರಿ ಹೆಗೆಡಾರ್ನ್ ಅವರ ತಂಡ ಕೆರಿಬಿಯನ್‌ನಲ್ಲಿ ಫ್ಲಾರಿಡಾ ಮತ್ತು ಪೋರ್ಟೊ ರಿಕೊದ ಹವಳಗಳ ಹೆಪ್ಪುಗಟ್ಟಿಸಿದ ವೀರ್ಯದಿಂದ ಕುರಸಾವೊ ದ್ವೀಪದ ಹವಳದ ಮೊಟ್ಟೆಗಳನ್ನು ಫಲಿಸಿ ಮರಿಗಳನ್ನು ಬೆಳೆಸಿದೆ. ನಾಳೆ ಬೇಕಾದರೆ ಕೂಡಿಸಲು ಇಂದಿನ ವೈವಿಧ್ಯ ಉಳಿದಿರಬೇಕು ಎಂಬ ತರ್ಕ ಅದರ ಹಿಂದಿದೆ. ಇದನ್ನು ವಿವರಿಸಲು ನಾನು ಸಿದ್ಧನಾಗುತ್ತಿದ್ದಾಗ ಪಾಂಡವಪುರದ ಕಡೆಯ ವಿದ್ಯಾರ್ಥಿ ತಡೆದು, ತಮ್ಮೂರ ಹಸುಗಳಿಗೆ ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಿಂದ ವೀರ್ಯದ ಕಡ್ಡಿ ತೆಗೆದು ಹಾಕುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ ಎಂದ. ಕ್ಯಾನಿಗೆ ಸಾರಜನಕವನ್ನು ಆಗಾಗ ತುಂಬಿಸದಿದ್ದರೆ ಒಳಗಿದ್ದದ್ದೆಲ್ಲ ಹಾಳು ಎಂದೂ ಸೇರಿಸಿದ. ಮುಂಗಾರಿನಲ್ಲಿ ಹಡಗುಗಳ ಸಂಚಾರ ಅಸ್ತವ್ಯಸ್ತವಾಗುವ ದ್ವೀಪಕ್ಕೆ ಅದನ್ನು ತಲುಪಿಸುವುದು ಹೇಗೆ ಎಂಬ ಪ್ರಶ್ನೆ ಎದ್ದಾಗ, ಸಂಗ್ರಹ ದ್ವೀಪದಲ್ಲಿರಬಾರದು, ಒಳನಾಡಿನಲ್ಲಿರಬೇಕು ಎಂದು ತೀರ್ಮಾನವಾಯಿತು. ಸ್ಥಳದ ಹೆಸರಿಗಾಗಿ ಶಿಫಾರಸಿನಲ್ಲಿ ಒಂದು ಸಾಲು ಖಾಲಿ ಬಿಟ್ಟಿದ್ದೆವು; ಯಾರೋ ಅಲ್ಲಿ ಪೆನ್ಸಿಲ್‌ನಲ್ಲಿ ‘ಮೈಸೂರು’ ಎಂದು ಬರೆದಿದ್ದರು, ನಾನು ಅಳಿಸಲಿಲ್ಲ.